ಡೇನಿಯಲ್ ಡೇ-ಲೂಯಿಸ್: ಹಬ್ಬಿದ ಸುದ್ದಿ, ನಡೆದ ಸಂಗತಿ

ರಿಚರ್ಡ್ ಅಟೆನ್‌ಬರೋ ಅವರ ‘ಗಾಂಧಿ’ (1982) ಚಿತ್ರ ನೋಡಿದವರೆಲ್ಲ ಡೇನಿಯಲ್ ಡೇ-ಲೂಯಿಸ್ ಅವರನ್ನೂ ನೋಡಿದ್ದಾರೆ, ಗುರುತು ಹಿಡಿದವರು ಮಾತ್ರ ಕಡಿಮೆ. ದಕ್ಷಿಣ ಆಫ್ರಿಕಾದ ಬೀದಿಯೊಂದರಲ್ಲಿ ಗಾಂಧಿ ಮತ್ತು ಚಾರ್ಲಿ ಆಂಡ್ರೂಸ್ ನಡೆದು ಬರುತ್ತಿರುವಾಗ ಬಿಳಿಯರ ಪಡ್ಡೆ ಹುಡುಗರು ಅಡ್ಡಗಟ್ಟುತ್ತಾರಲ್ಲ, ಅವರ ಮುಂದಾಳು ಕಾಲಿನ್. ಮನೆಯ ಮೇಲಿನಿಂದ ತಾಯಿ ಗದರಿಸಿದ್ದೇ ತಡ, ಅವನ ಪೌರುಷವೆಲ್ಲ ಇಳಿದುಹೋಗುತ್ತದೆ. ಆ ಒಂದು ದೃಶ್ಯದ ಪಾತ್ರ ಮಾಡಿದ ಯುವಕ ಮುಂದೆ ‘ಮೈ ಲೆಫ್ಟ್ ಫುಟ್’ (1989), ‘ದೇರ್ ವಿಲ್ ಬಿ ಬ್ಲಡ್’ (2007), ‘ಲಿಂಕನ್’ (2012) ಚಿತ್ರಗಳಿಗಾಗಿ ಶ್ರೇಷ್ಠ ನಟನ ಆಸ್ಕರ್ ಅನ್ನು ಮೂರು ಬಾರಿ ಪಡೆದರು. ಆ ವಿಭಾಗದಲ್ಲಿ ಮೂರು ಗೆದ್ದವರು ಬೇರೆ ಯಾರೂ ಇಲ್ಲ. ನಟನೆಗೆ ಅತಿ ಹೆಚ್ಚು ಆಸ್ಕರ್ ಪಡೆದವರೇ ಅವರು ಎಂದು ಕೆಲವರು ಬರೆಯುವುದುಂಟು, ಅದು ತಪ್ಪು. ನಟಿ ಕ್ಯಾಥರಿನ್ ಹೆಪ್‌ಬರ್ನ್ ನಾಲ್ಕು ಗೆದ್ದಿದ್ದರು.

ಇದು ಸಣ್ಣ ತಪ್ಪು. ಡೇ-ಲೂಯಿಸ್ ಸುತ್ತ ಇದಕ್ಕಿಂತ ದೊಡ್ಡ ಕಥೆಗಳು ಬೆಳೆದುಕೊಂಡಿವೆ. ಸಂದರ್ಶನ ಕೊಡುವುದು ಅಪರೂಪ, ಮನೆಯ ವಿಷಯ ಆಡುವುದಂತೂ ಇಲ್ಲವೇ ಇಲ್ಲ. ಒಂದು ಚಿತ್ರ ಮುಗಿಸಿದರೆ ವರ್ಷಗಟ್ಟಲೆ ಕಣ್ಣಿಗೆ ಬೀಳುವುದಿಲ್ಲ. ಇಂಥವರು ತಾವಾಗಿ ಹೇಳದೇ ಬಿಟ್ಟ ಜಾಗವನ್ನು ಜನ ಬಾಯಿಗೆ ಬಂದದ್ದರಿಂದ ತುಂಬುತ್ತಾರೆ.

ಎಲ್ಲಕ್ಕಿಂತ ಗಟ್ಟಿಯಾಗಿ ಬೇರೂರಿದ ಕಥೆ ಹ್ಯಾಮ್ಲೆಟ್‌ನದು. 1989ರ ಸೆಪ್ಟೆಂಬರ್. ಲಂಡನ್ನಿನ ನ್ಯಾಷನಲ್ ಥಿಯೇಟರ್‌ನಲ್ಲಿ ರಿಚರ್ಡ್ ಐರ್ ನಿರ್ದೇಶನದ ನಾಟಕ. ಹ್ಯಾಮ್ಲೆಟ್ ಆಗಿ ಡೇ-ಲೂಯಿಸ್, ಅವನ ತಾಯಿಯಾಗಿ ಜೂಡಿ ಡೆಂಚ್. ಸತ್ತ ರಾಜ ಪ್ರೇತವಾಗಿ ಬಂದು ಮಗನೊಂದಿಗೆ ಮಾತಾಡುವ ದೃಶ್ಯದಲ್ಲಿ ಡೇ-ಲೂಯಿಸ್ ರಂಗದಿಂದ ಹೊರನಡೆದರು, ಮತ್ತೆ ಬರಲಿಲ್ಲ. ಅಂದಿನ ಪ್ರದರ್ಶನವನ್ನು ಜೆರೆಮಿ ನಾರ್ತಮ್ ಮುಗಿಸಿಕೊಟ್ಟರು. ಅತಿಯಾದ ದಣಿವು ಎಂದು ಥಿಯೇಟರ್ ಹೇಳಿತು. ಆದರೆ ದಣಿವು ಸುದ್ದಿಯಾಗುವುದಿಲ್ಲ, ದೆವ್ವ ಆಗುತ್ತದೆ. ಡೇನಿಯಲ್‌ಗೆ ಹದಿನೈದು ವರ್ಷವಿದ್ದಾಗ, 1972ರಲ್ಲಿ, ತೀರಿಕೊಂಡ ಅವರ ತಂದೆ, ಬ್ರಿಟನ್ನಿನ ಆಸ್ಥಾನಕವಿ ಸೆಸಿಲ್ ಡೇ-ಲೂಯಿಸ್, ರಂಗದ ಮೇಲೆ ಪ್ರತ್ಯಕ್ಷರಾದರೆಂದೂ ಮಗ ಹೆದರಿ ಓಡಿದರೆಂದೂ ಊರೆಲ್ಲ ಹಬ್ಬಿತು.

ಆ ದಿನಗಳಲ್ಲಿ ಡೇ-ಲೂಯಿಸ್ ಆಡಿದ ಮಾತುಗಳೂ ಈ ಕಥೆಗೆ ಒಂದಿಷ್ಟು ಎಡೆಕೊಟ್ಟಿದ್ದವು ಎನ್ನಬೇಕು. 2012ರಲ್ಲಿ ಅವರೇ ಅದನ್ನು ಬಿಡಿಸಿ ಹೇಳಿದರು. ಇಂಥ ನಾಟಕದಲ್ಲಿ ನಟ ತನ್ನ ಬದುಕನ್ನೇ ಅಗೆಯುತ್ತಾನೆ, ಆ ಅರ್ಥದಲ್ಲಿ ತಂದೆಯ ನೆರಳು ಪ್ರತಿ ರಾತ್ರಿಯೂ ಅಲ್ಲಿತ್ತು. ಕಣ್ಣೆದುರು ಭೂತ ನಿಂತಿತ್ತೆಂದು ತಾನು ಹೇಳಿದ್ದಲ್ಲ ಎಂಬುದು ಅವರ ಮಾತಿನ ಸಾರ. ತಂದೆಯನ್ನು ಎಳೆಯ ವಯಸ್ಸಿಗೇ ಕಳೆದುಕೊಂಡ ನಟನೊಬ್ಬ ತಂದೆಗಾಗಿ ಪರಿತಪಿಸುವ ಪಾತ್ರವನ್ನು ರಾತ್ರಿಯ ಮೇಲೆ ರಾತ್ರಿ ಆಡಿ ಕುಸಿದದ್ದನ್ನು ಅರ್ಥಮಾಡಿಕೊಳ್ಳಲು ಪವಾಡವೇನೂ ಬೇಕಿಲ್ಲ. ಅಲ್ಲಿಂದಾಚೆ ಅವರು ರಂಗಭೂಮಿಗೆ ಮರಳಿಲ್ಲ ಎನ್ನುವುದಂತೂ ನಿಜ. ಈ ಪ್ರಕರಣದಲ್ಲಿ ಹೆಚ್ಚು ಮನ ಕಲಕುವ ಸಂಗತಿಯೊಂದಿದೆ, ದೆವ್ವದ ಗದ್ದಲದಲ್ಲಿ ಅದು ಯಾರ ನೆನಪಿನಲ್ಲೂ ಉಳಿಯಲಿಲ್ಲ. ಆನಂತರ ಹ್ಯಾಮ್ಲೆಟ್ ಪಾತ್ರ ವಹಿಸಿಕೊಂಡವರು ಇಯಾನ್ ಚಾರ್ಲ್ಸನ್. ‘ಗಾಂಧಿ’ಯ ಆ ಬೀದಿ ದೃಶ್ಯದಲ್ಲಿ ಚಾರ್ಲಿ ಆಂಡ್ರೂಸ್ ಆಗಿ ನಡೆದು ಬಂದವರು ಇವರೇ. ಏಡ್ಸ್‌ನಿಂದ ಬಳಲುತ್ತಲೇ ಅವರು ಹ್ಯಾಮ್ಲೆಟ್ ಆಡಿದರು, 1990ರ ಜನವರಿಯಲ್ಲಿ ತೀರಿಕೊಂಡರು.

ಇನ್ನೊಂದು ನಂಬಿಕೆ ಡೇ-ಲೂಯಿಸ್ ಅಮೆರಿಕದ ‘ಮೆಥಡ್’ ಪಂಥದವರೆಂಬುದು. ನ್ಯೂಯಾರ್ಕಿನಲ್ಲಿ ಲೀ ಸ್ಟ್ರಾಸ್‌ಬರ್ಗ್ ಕಲಿಸಿದ ಪದ್ಧತಿ ಅದು. ಡೇ-ಲೂಯಿಸ್ ಕಲಿತದ್ದು ಇಂಗ್ಲೆಂಡಿನ ಬ್ರಿಸ್ಟಲ್ ಓಲ್ಡ್ ವಿಕ್ ನಾಟಕ ಶಾಲೆಯಲ್ಲಿ. ಹಾಗೆಂದು ಪರಕಾಯ ಪ್ರವೇಶದ ಕಥೆಗಳೆಲ್ಲ ಸುಳ್ಳೇನಲ್ಲ. ಡಬ್ಲಿನ್ನಿನ ಲೇಖಕ, ಚಿತ್ರಕಾರ ಕ್ರಿಸ್ಟಿ ಬ್ರೌನ್‌ಗೆ ಸೆರೆಬ್ರಲ್ ಪಾಲ್ಸಿಯಿಂದಾಗಿ ಹಿಡಿತವಿದ್ದದ್ದು ಎಡಗಾಲಿನ ಮೇಲಷ್ಟೇ. ‘ಮೈ ಲೆಫ್ಟ್ ಫುಟ್’ನಲ್ಲಿ ಅವರ ಪಾತ್ರ ಮಾಡುವಾಗ ಡೇ-ಲೂಯಿಸ್ ಸೆಟ್ಟಿನಲ್ಲಿ ಗಾಲಿಕುರ್ಚಿ ಬಿಟ್ಟು ಏಳಲಿಲ್ಲ, ಸಹಾಯಕರೇ ಅವರಿಗೆ ತುತ್ತು ತಿನ್ನಿಸಬೇಕಿತ್ತು. ಹುಚ್ಚಾಟವೆಂದು ನಕ್ಕವರಿದ್ದರು. ಆದರೆ ಕ್ಯಾಮೆರಾ ತಿರುಗುವ ಮುನ್ನ ಅವರು ಡಬ್ಲಿನ್ನಿನ ಸ್ಯಾಂಡಿಮೌಂಟ್ ಕ್ಲಿನಿಕ್‌ಗೆ ಮತ್ತೆ ಮತ್ತೆ ಹೋಗಿ ಅಲ್ಲಿನ ಅಂಗವಿಕಲರ ಗೆಳೆತನ ಸಂಪಾದಿಸಿದ್ದರು, ಕಾಲ್ಬೆರಳಿನಿಂದ ಕುಂಚ ಹಿಡಿಯುವುದನ್ನು ಅಭ್ಯಾಸ ಮಾಡಿದ್ದರು. ನಗುವವರಿಗೆ ಕುರ್ಚಿ ಕಂಡಿತು, ಆ ತಯಾರಿ ಕಾಣಲಿಲ್ಲ.

ಬೇರೆ ಚಿತ್ರಗಳದ್ದೂ ಇದೇ ಕಥೆ. ‘ದಿ ಬಾಕ್ಸರ್’ಗಾಗಿ (1997) ಮಾಜಿ ವಿಶ್ವ ಚಾಂಪಿಯನ್ ಬ್ಯಾರಿ ಮೆಕ್‌ಗ್ವಿಗನ್ ಬಳಿ ದೀರ್ಘ ಕಾಲ ಮುಷ್ಟಿಯುದ್ಧ ಕಲಿತರು. ‘ಫ್ಯಾಂಟಮ್ ಥ್ರೆಡ್’ನ (2017) ದರ್ಜಿಯಾಗಲು ನ್ಯೂಯಾರ್ಕ್ ಸಿಟಿ ಬ್ಯಾಲೆಯ ವಸ್ತ್ರ ವಿಭಾಗದ ಮುಖ್ಯಸ್ಥ ಮಾರ್ಕ್ ಹ್ಯಾಪೆಲ್ ಅವರಲ್ಲಿ ಹೊಲಿಗೆ ಕಲಿತು, ಬಾಲೆನ್ಸಿಯಾಗ ವಿನ್ಯಾಸದ ಉಡುಪೊಂದನ್ನು ನೋಡಿ ತಾವೇ ಮತ್ತೆ ಹೊಲಿದರು. ಈ ಶ್ರಮವನ್ನು ‘ವಿಚಿತ್ರ ನಟ’ ಎಂಬ ಶೀರ್ಷಿಕೆಯಡಿ ಹಾಕುವುದು ಅನ್ಯಾಯ. ತಮ್ಮ ಕೆಲಸದ ಕ್ರಮವನ್ನು ಏನೋ ಗುಪ್ತ ಪಂಥವೆಂಬಂತೆ ಬಣ್ಣಿಸುವವರ ಬಗ್ಗೆ ಅವರು 2025ರಲ್ಲಿ ಬೇಸರವನ್ನೂ ತೋಡಿಕೊಂಡರು.

‘ದೇರ್ ವಿಲ್ ಬಿ ಬ್ಲಡ್’ ಸೆಟ್ಟಿನಲ್ಲಿ ಅವರ ಉಗ್ರಾವತಾರಕ್ಕೆ ಬೆದರಿ ಕೆಲ್ ಓನೀಲ್ ಎಂಬ ನಟ ಕಾಲ್ಕಿತ್ತರೆಂಬ ವದಂತಿಯೂ ಇದೆ. ಓನೀಲ್ ಬದಲಾದದ್ದು ಹೌದು. ಸಣ್ಣ ಪಾತ್ರಕ್ಕೆಂದು ಬಂದಿದ್ದ ಪಾಲ್ ಡೇನೊ ಕೆಲವೇ ದಿನಗಳ ತಯಾರಿಯಲ್ಲಿ ಆ ದೊಡ್ಡ ಪಾತ್ರವನ್ನೂ ಹೊತ್ತುಕೊಂಡರು. ಆದರೆ ಬೆದರಿಕೆಯ ಮಾತನ್ನು ನಿರ್ದೇಶಕ ಪಾಲ್ ಥಾಮಸ್ ಆಂಡರ್ಸನ್, ಡೇ-ಲೂಯಿಸ್, ಕಡೆಗೆ ಓನೀಲ್ ಸಹ ಅಲ್ಲಗಳೆದಿದ್ದಾರೆ. ಡೇನೊ ಅದಕ್ಕೂ ಮೊದಲೇ ‘ದಿ ಬ್ಯಾಲಡ್ ಆಫ್ ಜ್ಯಾಕ್ ಅಂಡ್ ರೋಸ್’ನಲ್ಲಿ (2005) ಇವರೊಂದಿಗೆ ನಟಿಸಿದ್ದವರು. ಡೇ-ಲೂಯಿಸ್ ಜೊತೆಯವರನ್ನು ಹೆದರಿಸಿ ಓಡಿಸುವ ಮನುಷ್ಯನಾಗಿದ್ದರೆ ಡೇನೊ ಎರಡನೇ ಸಲ ಬರುತ್ತಿದ್ದರೇ?

‘ಲಿಂಕನ್’ ಬಂದಾಗ ತಪ್ಪು ಕಲ್ಪನೆ ಪ್ರೇಕ್ಷಕರ ಕಡೆಯಿಂದಲೇ ಎದ್ದಿತು. ಅಬ್ರಹಾಂ ಲಿಂಕನ್ ಎಂದರೆ ಗುಡುಗಿನಂಥ ದನಿ ಎಂದುಕೊಂಡಿದ್ದ ಅಮೆರಿಕನ್ನರಿಗೆ ಡೇ-ಲೂಯಿಸ್ ಅವರ ತೆಳು, ಏರು ಕಂಠ ಕೇಳಿ ಇರುಸುಮುರುಸಾಯಿತು. ಆದರೆ ಲಿಂಕನ್ ಭಾಷಣ ಕೇಳಿದ್ದ ಸಮಕಾಲೀನರು ದಾಖಲಿಸಿರುವುದೂ ಅಂಥ ಏರುದನಿಯನ್ನೇ. ಮೈಕು ಇಲ್ಲದ ಕಾಲದಲ್ಲಿ ದೊಡ್ಡ ಜನಸಂದಣಿಯ ಕೊನೆಯವರೆಗೆ ಮುಟ್ಟುತ್ತಿದ್ದುದು ಆ ದನಿ. ನಟ ಸರಿಯಾಗಿದ್ದರು, ಅಮೃತಶಿಲೆಯ ಪ್ರತಿಮೆಗಳನ್ನು ನೋಡಿ ದನಿ ಊಹಿಸಿಕೊಂಡಿದ್ದವರು ತಪ್ಪಾಗಿದ್ದರು.

ನಟನೆಯನ್ನು ಬಿಟ್ಟು ಚಮ್ಮಾರರಾದರು ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ. 1997ರ ನಂತರ ಐದು ವರ್ಷ ಅವರ ಯಾವ ಚಿತ್ರವೂ ಬರಲಿಲ್ಲ; ಆ ಅವಧಿಯಲ್ಲಿ ಇಟಲಿಯ ಫ್ಲಾರೆನ್ಸ್‌ನಲ್ಲಿ ಸ್ಟೆಫಾನೊ ಬೆಮರ್ ಎಂಬ ಹೆಸರಾಂತ ಕುಶಲಕರ್ಮಿಯ ಬಳಿ ಕೂತು ಬೂಟು ಹೊಲಿಯುವುದನ್ನು ಕಲಿತರು. ಸಿನಿಮಾಕ್ಕೆ ವಿದಾಯ ಹೇಳಿರಲಿಲ್ಲ, ಅಂಗಡಿ ತೆರೆದಿರಲಿಲ್ಲ. ಮಾರ್ಟಿನ್ ಸ್ಕಾರ್ಸೇಸೆ ಕರೆದಾಗ ‘ಗ್ಯಾಂಗ್ಸ್ ಆಫ್ ನ್ಯೂಯಾರ್ಕ್’ಗೆ (2002) ಬಂದು ಕಟುಕ ಬಿಲ್ ಆದರು.

ಸನ್ಯಾಸಿಯಂತೆ ಅವಿತುಕೊಂಡವರು ಎನ್ನುವುದೂ ಉತ್ಪ್ರೇಕ್ಷೆಯೇ. ಐರ್ಲೆಂಡಿನ ವಿಕ್ಲೋ ಜಿಲ್ಲೆಯಲ್ಲಿ, ಪತ್ನಿ, ನಿರ್ದೇಶಕಿ ರೆಬೆಕಾ ಮಿಲ್ಲರ್ ಜೊತೆ ಸಾಧಾರಣವಾಗಿ ಬದುಕುವುದನ್ನು ಅವರು ಆರಿಸಿಕೊಂಡರು. ಬೇಕೆನಿಸಿದಾಗ ಹೊರಬಂದದ್ದೂ ಉಂಟು. 2005ರಲ್ಲಿ ‘ಮೆಡಿಸಾಂ ಸಾಂ ಫ್ರಾಂತಿಯೆರ್’ ವೈದ್ಯ ಸಂಸ್ಥೆಯೊಂದಿಗೆ ಗಾಜಾಕ್ಕೆ ಹೋಗಿ, ಅಲ್ಲಿನ ಕುಟುಂಬಗಳ ಮನೋವ್ಯಥೆಯ ಕುರಿತು ಬ್ರಿಟನ್ನಿನ ಪತ್ರಿಕೆಗೆ ದೀರ್ಘ ಲೇಖನ ಬರೆದರು. 2012ರಲ್ಲಿ ಅಕ್ಕ ಟ್ಯಾಮಸಿನ್ ಜೊತೆ ಸೇರಿ ತಂದೆಯ ಹಸ್ತಪ್ರತಿಗಳನ್ನು ಆಕ್ಸ್‌ಫರ್ಡ್‌ನ ಬಾಡ್ಲಿಯನ್ ಗ್ರಂಥಾಲಯಕ್ಕೆ ಕೊಟ್ಟರು. ಸದಾ ಗಂಭೀರ ಎನ್ನುವವರು 2013ರ ಆಸ್ಕರ್ ಸಮಾರಂಭ ನೋಡಲಿ. ಪ್ರಶಸ್ತಿ ಕೊಟ್ಟ ಮೆರಿಲ್ ಸ್ಟ್ರೀಪ್ ಪಕ್ಕದಲ್ಲೇ ನಿಂತಿರುವಾಗ, ಮಾರ್ಗರೆಟ್ ಥ್ಯಾಚರ್ ಆಗಬೇಕಿದ್ದವನು ತಾನು, ಲಿಂಕನ್ ಪಾತ್ರಕ್ಕೆ ನಿರ್ದೇಶಕ ಸ್ಪೀಲ್‌ಬರ್ಗ್ ಮೊದಲು ಬಯಸಿದ್ದು ಮೆರಿಲ್ ಅವರನ್ನು ಎಂದು ಸಭೆಯನ್ನು ನಗಿಸಿದರು.

ಅವರನ್ನು ಐರಿಷ್ ನಟ ಎಂದು ಕರೆಯುವವರಿಗೆ ಒಂದು ವಿವರ: ಹುಟ್ಟಿದ್ದು 1957ರ ಏಪ್ರಿಲ್ 29ರಂದು, ಲಂಡನ್ನಿನಲ್ಲಿ. ತಂದೆ ಐರ್ಲೆಂಡ್ ಮೂಲದವರು, ತಾಯಿ ನಟಿ ಜಿಲ್ ಬಾಲ್ಕನ್, ತಾಯಿಯ ತಂದೆ ಈಲಿಂಗ್ ಸ್ಟುಡಿಯೋದ ಮುಖ್ಯಸ್ಥ ಮೈಕಲ್ ಬಾಲ್ಕನ್. ಐರಿಷ್ ಪೌರತ್ವ ಸಿಕ್ಕಿದ್ದು 1993ರಲ್ಲಿ. ಬ್ರಿಟಿಷ್ ಪೌರತ್ವವೂ ಉಳಿದಿದೆ, 2014ರಲ್ಲಿ ‘ಸರ್’ ಪದವಿ ಬಂದದ್ದು ಹಾಗೆ.

ಸೋಲೇ ಕಾಣದ ನಟ ಎಂಬ ಹೊಗಳಿಕೆಯನ್ನು ಕೈಬಿಡುವುದು ಒಳ್ಳೆಯದು. ಸಂಗೀತಮಯ ‘ನೈನ್’ (2009) ಮಕಾಡೆ ಮಲಗಿತು. ‘ಎವರ್‌ಸ್ಮೈಲ್, ನ್ಯೂಜರ್ಸಿ’ಯಲ್ಲಿ (1989) ಅವರು ಬೈಕ್ ಏರಿ ಪ್ಯಾಟಗೋನಿಯಾ ಸುತ್ತುತ್ತ ಜನರ ಹಲ್ಲು ನೋಡುವ ದಂತವೈದ್ಯ. ಆ ಚಿತ್ರ ನೆನಪಿರುವವರು ಬಹಳ ಇರಲಾರರು.

ಕೊನೆಗೆ ನಿವೃತ್ತಿ. 2017ರ ಜೂನ್‌ನಲ್ಲಿ ವಕ್ತಾರೆಯ ಮೂಲಕ ಬಂದ ಪ್ರಕಟಣೆ ಅವರು ಇನ್ನು ನಟಿಸುವುದಿಲ್ಲ ಎಂದಿತು. ಜಗತ್ತು ಅದನ್ನು ಕೊನೆಯ ಮಾತೆಂದು ತಿಳಿದು ನುಡಿನಮನಗಳನ್ನೂ ಬರೆದು ಮುಗಿಸಿತು. ಎಂಟು ವರ್ಷದ ಬಳಿಕ ಮಗ ರೋನನ್ ನಿರ್ದೇಶನದ ಮೊದಲ ಚಿತ್ರ ‘ಅನೆಮನಿ’ಗೆ (2025) ಅಪ್ಪ-ಮಗ ಕೂಡಿ ಚಿತ್ರಕಥೆ ಬರೆದರು, ಅಪ್ಪ ಅದರಲ್ಲಿ ನಟಿಸಿದರು. ಆಗ ಬಾಯಿ ಮುಚ್ಚಿಕೊಂಡಿದ್ದರೆ ಚೆನ್ನಾಗಿತ್ತು ಎಂಬರ್ಥದ ಮಾತನ್ನು ಸ್ವತಃ ಅವರೇ ಆಡಿಕೊಂಡರು.

ಅವರ ಚಿತ್ರಗಳನ್ನು ಇದುವರೆಗೆ ನೋಡದವರು ಆಸ್ಕರ್ ಗೆದ್ದವುಗಳಿಂದ ಶುರು ಮಾಡಬೇಕಿಲ್ಲ. 1986ರ ಮಾರ್ಚ್‌ನಲ್ಲಿ ಅವರ ಎರಡು ಚಿತ್ರಗಳು ನ್ಯೂಯಾರ್ಕಿನಲ್ಲಿ ಒಂದೇ ದಿನ ತೆರೆಕಂಡವು. ‘ಮೈ ಬ್ಯೂಟಿಫುಲ್ ಲಾಂಡ್ರೆಟ್’ನಲ್ಲಿ ಪಾಕಿಸ್ತಾನಿ ಮೂಲದ ಹುಡುಗನನ್ನು ಪ್ರೀತಿಸುವ ಬೀದಿಯ ಒರಟ ಜಾನಿ, ‘ಎ ರೂಮ್ ವಿತ್ ಎ ವ್ಯೂ’ನಲ್ಲಿ ಮೂಗಿನ ಮೇಲೆ ಕನ್ನಡಕ ಸಿಕ್ಕಿಸಿಕೊಂಡು ಬೀಗುವ ಶ್ರೀಮಂತ ಸೆಸಿಲ್. ಎರಡನ್ನೂ ಒಂದೇ ವಾರಾಂತ್ಯದಲ್ಲಿ ನೋಡಿ.