ಒಂದೇ ಮರ, ನೂರಾರು ಬೇಲಿ

ಇಂಗ್ಲೆಂಡಿನ ನಡುನಾಡಿನಲ್ಲಿ, ಟ್ರೆಂಟ್ ಮತ್ತು ವಿದಮ್ ನದಿಗಳ ಬಯಲಿನ ಹೊಲಗಳ ಬೇಲಿಸಾಲಿನಲ್ಲಿ ಒಂದು ಕಾಲಕ್ಕೆ ದೂರದಿಂದಲೇ ಗುರುತು ಸಿಗುವ ಮರವೊಂದಿತ್ತು. ಸಪೂರ ಕಾಂಡ, ಗಿಡ್ಡ ಕೊಂಬೆಗಳು, ತುದಿ ಮಾತ್ರ ಒಂದು ಪಕ್ಕಕ್ಕೆ ವಾಲಿ ಬಾಗಿರುತ್ತಿತ್ತು. ಯಾರೋ ಉಷ್ಟ್ರಪಕ್ಷಿಯ ಗರಿಯನ್ನು ತಂದು ನೆಲಕ್ಕೆ ನೆಟ್ಟ ಹಾಗೆ. ಜನ ಅದನ್ನು ಲಾಕ್ ಎಲ್ಮ್ ಎಂದು ಕರೆದರು. ಅದರ ಕಟ್ಟಿಗೆ ಬಡಗಿಯ ಕೈಗೆ ಸುಲಭಕ್ಕೆ ಬಗ್ಗದ್ದರಿಂದ ಆ ಹೆಸರು ಬಂತು ಎನ್ನುತ್ತಾರೆ. ಸಸ್ಯಶಾಸ್ತ್ರದವರ ಬಾಯಲ್ಲಿ ಅದು ಪ್ಲಾಟ್ ಎಲ್ಮ್. ಇದು ತಾನೇ ಒಂದು ಪ್ರಭೇದವೋ, ಬೇರೊಂದು ಪ್ರಭೇದದ ಕವಲೋ ಎಂಬ ತಕರಾರಿಗೆ ಈಗ ನೂರು ವರ್ಷ ದಾಟಿದೆ.

ಎಲ್ಮ್ ನಮ್ಮ ಕಡೆಯ ಮರವಲ್ಲ. ಆದರೆ ಅದರ ಕುಲದವರು ಇಲ್ಲಿದ್ದಾರೆ. ಬೇಸಿಗೆಯ ಆರಂಭದಲ್ಲಿ ತಪಸಿ ಮರದ ಕೆಳಗೆ ನಿಂತು ನೋಡಿ. ಹಳೆಯ ಎಂಟಾಣೆಯಷ್ಟು ಅಗಲದ, ಕಾಗದದಷ್ಟು ತೆಳುವಾದ ಬಿಲ್ಲೆಗಳು ಗಾಳಿಗೆ ತಿರುಗುತ್ತ ಇಳಿಯುತ್ತವೆ. ಒಂದನ್ನು ಎತ್ತಿ ಬೆಳಕಿಗೆ ಹಿಡಿದರೆ ರೆಕ್ಕೆಯ ತುಂಬ ಸಣ್ಣ ನರಗಳು, ನಡುವೆ ಚಪ್ಪಟೆ ಬೀಜ. ಎಲ್ಮ್ ಮರದ ಕಾಯಿಯೂ ಹೀಗೆಯೇ. ಈ ಹೋಲಿಕೆ ಕಂಡೇ ಸಸ್ಯಶಾಸ್ತ್ರಜ್ಞ ವಿಲಿಯಂ ರಾಕ್ಸ್‌ಬರೋ ತಪಸಿಯನ್ನು ಮೊದಲು ಉಲ್ಮಸ್, ಅಂದರೆ ಎಲ್ಮ್, ಎಂದೇ ಹೆಸರಿಸಿದ. 1848ರಲ್ಲಿ ಪ್ಲಾಂಶೋನ್ ಎಂಬ ಇನ್ನೊಬ್ಬ ಸಸ್ಯಶಾಸ್ತ್ರಜ್ಞ ಅದನ್ನು ಹೋಲೊಪ್ಟೀಲಿಯ ಎಂಬ ಬೇರೆ ಮನೆಗೆ ಕಳಿಸಿದ. ಇಂಗ್ಲಿಷಿನಲ್ಲಿ ಇವತ್ತಿಗೂ ಅದಕ್ಕೆ ಭಾರತದ ಎಲ್ಮ್ ಎಂಬ ಹೆಸರಿದೆ. ಈ ಕುಲದ ಮರಗಳಿಗೆ ಹೆಸರಿಡುವ ಕೆಲಸ ಎಲ್ಲಿಯೂ ಸಲೀಸಾಗಿ ಮುಗಿದಿಲ್ಲ.

ಪ್ಲಾಟ್ ಎಲ್ಮ್‌ನ ಕಥೆ 1677ರಲ್ಲಿ ಶುರುವಾಗುತ್ತದೆ. ಆ ವರ್ಷ ರಾಬರ್ಟ್ ಪ್ಲಾಟ್ ಎಂಬ ವಿದ್ವಾಂಸ ಆಕ್ಸ್‌ಫರ್ಡ್ ಸೀಮೆಯ ನಿಸರ್ಗ ಚರಿತ್ರೆಯನ್ನು ಬರೆದು ಪ್ರಕಟಿಸಿದ. ಕಲ್ಲು, ನೀರು, ಮಣ್ಣು, ಗಿಡ, ಪ್ರಾಣಿ ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿದ ಪುಸ್ತಕ ಅದು. ಭಾರೀ ಗಾತ್ರದ ತೊಡೆಮೂಳೆಯ ತುಂಡೊಂದರ ಚಿತ್ರವೂ ಅದರಲ್ಲಿದೆ. ರೋಮನ್ನರು ತಂದ ಆನೆಯದ್ದಿರಬಹುದೇ ಎಂದು ಯೋಚಿಸಿ, ಕೊನೆಗೆ ದೈತ್ಯ ಮನುಷ್ಯನದ್ದೇ ಎಂದು ಆತ ತೀರ್ಮಾನಿಸಿದ. ಅದು ಡೈನೊಸಾರ್ ಮೂಳೆ ಎಂದು ತಿಳಿದದ್ದು ಬಹಳ ಕಾಲದ ಮೇಲೆ. ಆತನ ತೀರ್ಮಾನ ತಪ್ಪಿತು, ನೋಟ ತಪ್ಪಲಿಲ್ಲ. ಉಳಿದ ಎಲ್ಮ್‌ಗಳ ನಡುವೆ ಕಿರಿದಾದ ಎಲೆಯದೊಂದು ಬೇರೆಯೇ ಇದೆ ಎಂದು ಬರೆದಿಟ್ಟದ್ದೂ ಅದೇ ಕಣ್ಣು. 1683ರಲ್ಲಿ ಆಕ್ಸ್‌ಫರ್ಡಿನ ಆಶ್ಮೋಲಿಯನ್ ವಸ್ತುಸಂಗ್ರಹಾಲಯ ತೆರೆದಾಗ ಅದರ ಮೊದಲ ಪಾಲಕನಾದವನೂ ಈತನೇ.

ಆ ಮರವನ್ನು ಮತ್ತೆ ಬೆಳಕಿಗೆ ತಂದವರು ಜಾರ್ಜ್ ಕ್ಲಾರಿಡ್ಜ್ ಡ್ರೂಸ್. ನಾರ್ತಾಂಪ್ಟನ್‌ಷೈರಿನ ಪಾಟರ್ಸ್‌ಪರಿಯಲ್ಲಿ 1850ರಲ್ಲಿ ಹುಟ್ಟಿ, ಆಕ್ಸ್‌ಫರ್ಡಿನಲ್ಲಿ ಔಷಧದಂಗಡಿ ಇಟ್ಟು, ಆ ಊರಿಗೆ ಮೇಯರ್ ಕೂಡ ಆದವರು. ಅಂಗಡಿಯ ಕೆಲಸದ ನಡುವೆಯೇ ಸೀಮೆಗೊಂದರಂತೆ ಸಸ್ಯಗಳ ದೊಡ್ಡ ಗ್ರಂಥಗಳನ್ನು ಬರೆದರು. ಬ್ಯಾನ್‌ಬರಿಯಲ್ಲೂ ತಮ್ಮ ಹುಟ್ಟುಸೀಮೆಯ ಫೈನ್‌ಷೇಡ್‌ನಲ್ಲೂ ಈ ಮರವನ್ನು ಗುರುತಿಸಿದರು. ಮೊದಲು ಅದನ್ನು ಬೇರೊಂದು ಎಲ್ಮ್‌ನ ಬಗೆ ಎಂದುಕೊಂಡು, ಜನ ಕರೆಯುತ್ತಿದ್ದ ಲಾಕ್ ಎಂಬ ಮಾತನ್ನೇ ಲ್ಯಾಟಿನ್ ಮಾಡಿದರು. 1911ರ ಹೊತ್ತಿಗೆ ಮನಸ್ಸು ಗಟ್ಟಿಯಾಗಿತ್ತು: ಇದು ಸ್ವತಂತ್ರ ಪ್ರಭೇದ, ಹೆಸರು ಉಲ್ಮಸ್ ಪ್ಲಾಟಿಯೈ. ಇನ್ನೂರು ವರ್ಷಕ್ಕೂ ಹಿಂದೆ ಅದೇ ಸೀಮೆಯನ್ನು ಸುತ್ತಿದವನಿಗೆ ಸಂದ ಗೌರವ ಅದು.

ಕ್ಯೂ ಸಸ್ಯೋದ್ಯಾನದ ರೊನಾಲ್ಡ್ ಮೆಲ್ವಿಲ್ ಡ್ರೂಸ್ ಪರ ನಿಂತರು. ಎಲ್ಮ್ ಎಲೆಯ ಬುಡ ಸಾಮಾನ್ಯವಾಗಿ ಸೊಟ್ಟ. ನಡುನರದ ಒಂದು ಬದಿ ತೊಟ್ಟಿನ ಮೇಲೆ ಜಾಸ್ತಿ ಇಳಿದಿರುತ್ತದೆ, ಇನ್ನೊಂದು ಬದಿ ಮೇಲೆಯೇ ನಿಂತಿರುತ್ತದೆ. ಪ್ಲಾಟ್ ಎಲ್ಮ್‌ನ ಪುಟ್ಟ ಎಲೆಯಲ್ಲಿ ಎರಡೂ ಬದಿ ಹೆಚ್ಚುಕಡಿಮೆ ಸಮ. ಬೇರೆ ಎಲ್ಮ್‌ಗಳಲ್ಲಿ ಬೇಗ ನಿಂತುಹೋಗುವ ಗಿಡ್ಡ ರೆಂಬೆಗಳು ಇದರಲ್ಲಿ ಬೆಳೆಯುತ್ತಲೇ ಹೋಗುತ್ತವೆ. ಇಷ್ಟು ಲಕ್ಷಣ ಮೆಲ್ವಿಲ್‌ಗೆ ಸಾಕಾಗಿತ್ತು.

ಕೇಂಬ್ರಿಜ್‌ನ ಆರ್. ಎಚ್. ರಿಚನ್ಸ್‌ಗೆ ಸಾಕಾಗಲಿಲ್ಲ. ಇವರು ಇನ್ನೊಂದು ರೀತಿಯ ಮನುಷ್ಯ. ಯಂತ್ರದಿಂದ ಭಾಷಾಂತರ ಮಾಡಿಸುವ ಮೊಟ್ಟಮೊದಲ ಪ್ರಯತ್ನಗಳಲ್ಲಿ ಕೈ ಇಟ್ಟವರು. ಪದಗಳ ನಡುವಿನ ನಂಟನ್ನು ಜಾಲವಾಗಿ ಹೆಣೆಯುವುದು ಹೇಗೆಂದು ತಲೆ ಕೆಡಿಸಿಕೊಂಡವರು. ಅದೇ ತಾಳ್ಮೆಯಿಂದ ಊರೂರಿನ ಎಲ್ಮ್ ಎಲೆಗಳನ್ನು ಕೂಡಿಹಾಕಿ ಅಳೆದರು. 1983ರಲ್ಲಿ ಬಂದ ಅವರ ‘ಎಲ್ಮ್’ ಪುಸ್ತಕ ಮರದ ಚರಿತ್ರೆಯಷ್ಟೇ ಮನುಷ್ಯರ ಚರಿತ್ರೆ. ಬೇಲಿಗೆಂದು, ದನದ ಮೇವಿಗೆಂದು ಜನರೇ ಇದನ್ನು ಕೊಂಡೊಯ್ದು ನೆಟ್ಟರು, ಹಾಗಾಗಿ ಒಂದೊಂದು ಊರಿನ ಎಲ್ಮ್ ಒಂದೊಂದು ಮುಖದ್ದು ಎಂಬುದು ಅವರ ವಾದ. ಪ್ಲಾಟ್ ಎಲ್ಮ್ ಕೂಡ ಉಲ್ಮಸ್ ಮೈನರ್ ಎಂಬ ಬಹುರೂಪಿ ಪ್ರಭೇದದ ಒಂದು ರೂಪ, ಅಷ್ಟೇ.

ನಮ್ಮ ಬಾಳೆ ತೋಟದಲ್ಲಿ ನಿಂತರೆ ರಿಚನ್ಸ್ ಮಾತು ಬೇಗ ಅರ್ಥವಾಗುತ್ತದೆ. ಬಾಳೆಯ ಬುಡದಿಂದ ಕಂದು ಕಿತ್ತು ಪಕ್ಕದ ಊರಲ್ಲಿ ನೆಟ್ಟರೆ ಅಲ್ಲಿ ಬೆಳೆಯುವುದು ಅದೇ ಬಾಳೆ. ಇಂಗ್ಲೆಂಡಿನ ಹೊಲದ ಎಲ್ಮ್‌ಗಳೂ ಬೀಜದಿಂದ ಹುಟ್ಟುವುದು ಅಪರೂಪ. ಬೇರಿನಿಂದ ಚಿಗುರೊಡೆದು ಬೇಲಿಯುದ್ದಕ್ಕೂ ಹಬ್ಬುತ್ತವೆ. ಒಬ್ಬ ರೈತ ಇಷ್ಟಪಟ್ಟು ಕಿತ್ತು ತಂದ ಒಂದು ಚಿಗುರು ಮೂರು ತಲೆಮಾರಿನಲ್ಲಿ ಒಂದು ಕಣಿವೆಯನ್ನೇ ತುಂಬಬಹುದು.

ಆದದ್ದು ಬಹುಮಟ್ಟಿಗೆ ಹಾಗೆಯೇ. 2000ನೇ ಇಸವಿಯಲ್ಲಿ ಎಡಿನ್‌ಬರೋ ಸಸ್ಯೋದ್ಯಾನದ ಮ್ಯಾಕ್ಸ್ ಕೋಲ್ಮನ್ ಮತ್ತು ಸಂಗಡಿಗರು ಈ ಮರಗಳ ಡಿಎನ್‌ಎ ಹೋಲಿಸಿದರು. ಡ್ರೂಸ್ ಹೆಸರಿಟ್ಟ ಮಾದರಿಗೆ ನಿಜಕ್ಕೂ ತಾಳೆಯಾಗುವ ಮರಗಳೆಲ್ಲ ಒಂದೇ ತದ್ರೂಪಿ. ಬೇರೆ ಬೇರೆ ಸೀಮೆಗಳಲ್ಲಿ ನಿಂತಿದ್ದರೂ ಅವು ಒಂದೇ ಮರದ ಹಲವು ಮೈಗಳು. ಹಾಗಿದ್ದ ಮೇಲೆ ಇದನ್ನು ಪ್ರಭೇದ ಎನ್ನುವುದಕ್ಕಿಂತ ‘ಪ್ಲಾಟಿಯೈ’ ಎಂಬ ತಳಿ ಎನ್ನುವುದು ಸರಿ ಎಂದರು ಕೋಲ್ಮನ್.

ಜಗಳ ಅಲ್ಲಿಗೂ ನಿಲ್ಲಲಿಲ್ಲ. ಬ್ರಿಟನ್ನಿನ ಎಲ್ಮ್‌ಗಳನ್ನು ಕೆಲವರು ಬೆರಳಲ್ಲಿ ಎಣಿಸುವಷ್ಟು ಪ್ರಭೇದಗಳಿಗೆ ಇಳಿಸಿದರೆ, 2018ರಲ್ಲಿ ಬಂದ ಸೆಲ್ ಮತ್ತು ಮರೆಲ್ ಅವರ ಸಸ್ಯಗ್ರಂಥ 60ಕ್ಕೂ ಹೆಚ್ಚು ಎಂದಿತು. ನನ್ನ ಮನಸ್ಸು ಕೋಲ್ಮನ್ ಕಡೆಗೆ ವಾಲುತ್ತದೆ. ಹಾಗೆಂದು ಮರದ ಬೆಲೆ ಇಳಿಯಿತು ಎಂದು ಒಪ್ಪಲಾರೆ. ಪ್ರಭೇದ ಎಂದರೆ ಉಳಿಸಬೇಕಾದವರ ಪಟ್ಟಿಗೆ ಸುಲಭವಾಗಿ ಸೇರುತ್ತದೆ, ತಳಿ ಎಂದರೆ ಕಣ್ಣು ತಪ್ಪುತ್ತದೆ. ನಂಜನಗೂಡು ರಸಬಾಳೆಯನ್ನು ಯಾರೂ ಬೇರೆ ಪ್ರಭೇದ ಎನ್ನುವುದಿಲ್ಲ. ಪನಾಮ ಸೊರಗು ರೋಗ ಬಂದು ತೋಟಗಳು ಬರಿದಾದಾಗ ಮೈಸೂರು ಸೀಮೆಯವರು ಕಳೆದುಕೊಂಡದ್ದು ಏನೆಂದು ತಿಂದ ನಾಲಿಗೆಗೆ ಗೊತ್ತು.

ರಸಬಾಳೆಯಂತೆ ಪ್ಲಾಟ್ ಎಲ್ಮ್‌ಗೂ ಶಿಲೀಂಧ್ರವೇ ಕಂಟಕವಾಯಿತು. ತೊಗಟೆ ಕೊರೆಯುವ ದುಂಬಿಗಳ ಮೈಗಂಟಿ ಬರುವ ಈ ರೋಗ ಮರದ ನೀರಿನ ನಾಳಗಳನ್ನು ಕಟ್ಟಿಹಾಕುತ್ತದೆ. ಕಾರಣವನ್ನು ಮೊದಲು ಪತ್ತೆ ಹಚ್ಚಿದವರು ಹಾಲೆಂಡಿನ ಮಹಿಳಾ ವಿಜ್ಞಾನಿಗಳು. ಅದಕ್ಕೇ ಅದು ಡಚ್ ಎಲ್ಮ್ ರೋಗ. ಕಂಡುಹಿಡಿದವರ ದೇಶದ ಹೆಸರು ಕಾಯಿಲೆಗೆ ಅಂಟಿದ್ದು ಅನ್ಯಾಯವೇ. ಬ್ರಿಟನ್ನಿನಲ್ಲಿ ಅದು 1927ರಲ್ಲಿ ಮೊದಲು ಕಂಡಿತು. 1960ರ ದಶಕದಲ್ಲಿ ಉತ್ತರ ಅಮೆರಿಕದಿಂದ ಬಂದ ಎಲ್ಮ್ ದಿಮ್ಮಿಗಳ ಜೊತೆ ಇನ್ನೂ ಉಗ್ರವಾದ ಬಗೆ ಒಳಬಂತು. ಎರಡು ಕೋಟಿ ಐವತ್ತು ಲಕ್ಷಕ್ಕೂ ಹೆಚ್ಚು ಎಲ್ಮ್‌ಗಳು ಸತ್ತವು. ಮೈ ಹಲವಾದರೂ ಮರ ಒಂದೇ ಆದ ಕಡೆ, ಒಂದಕ್ಕೆ ಇಲ್ಲದ ತಡೆಯುವ ಶಕ್ತಿ ಇನ್ನೊಂದಕ್ಕೂ ಇರಲಿಲ್ಲ.

ಬೇರು ಮಾತ್ರ ಸಾಯಲಿಲ್ಲ. ಆ ಬಯಲಿನ ಬೇಲಿಗಳಲ್ಲಿ ಸಮಬುಡದ ಪುಟ್ಟ ಎಲೆಯ ಚಿಗುರುಗಳು ಇನ್ನೂ ಏಳುತ್ತವೆ. ತೋಳುಗಾತ್ರ ಬಲಿತು ತೊಗಟೆ ದಪ್ಪವಾಗುವವರೆಗೆ ದುಂಬಿ ಅವುಗಳ ಗೊಡವೆಗೆ ಬರುವುದಿಲ್ಲ. ಗರಿಯಂತೆ ತಲೆ ವಾಲಿಸುವಷ್ಟು ಎತ್ತರವಾಗುವ ಮೊದಲೇ ಬರುತ್ತದೆ. ಮರ ಒಣಗುತ್ತದೆ, ಬುಡದ ಪಕ್ಕದಲ್ಲಿ ಮತ್ತೆ ಚಿಗುರು. ಬೇಲಿ ಸವರುವವರ ಕತ್ತಿ ವರ್ಷವರ್ಷವೂ ಅದನ್ನು ಎದೆಮಟ್ಟಕ್ಕೆ ಕತ್ತರಿಸುತ್ತದೆ. ಹಾಗೆ ಕತ್ತರಿಸಿದ ಕಡೆಯೇ ಅದು ಹೆಚ್ಚು ಕಾಲ ಬದುಕಿದೆ.