ಜನವರಿಯಲ್ಲಿ ಹುಟ್ಟಿದವರ ಅರ್ಜಿ

ಮಕ್ಕಳ ವಿದ್ಯಾರ್ಥಿವೇತನವಾಗಲಿ, ಮನೆಯ ಹಿರಿಯರ ಪಿಂಚಣಿಯಾಗಲಿ, ಈಗ ಗೃಹಸ್ಥನು ಬಹುಮಟ್ಟಿಗೆ ಜಾಲಪುಟದ ಅರ್ಜಿಯನ್ನೇ ತುಂಬಬೇಕಾಗಿರುವುದಷ್ಟೆ. ಅದರಲ್ಲಿ ಕೆಲವೆಡೆ ಬರೆಯುವ ಶ್ರಮವಿಲ್ಲ; ಸಣ್ಣ ಬಾಣದ ಗುರುತನ್ನು ಒತ್ತಿದೊಡನೆ ಪಟ್ಟಿಯೊಂದು ಕೆಳಕ್ಕೆ ಬಿಚ್ಚಿಕೊಳ್ಳುವುದು, ಒಂದನ್ನು ಆರಿಸಿದರಾಯಿತು. ಇದಕ್ಕೆ ಡ್ರಾಪ್‌ಡೌನ್ ಎಂದು ಹೆಸರು. ಬರಹದ ತಪ್ಪಿಗೆ ಇಲ್ಲಿ ಎಡೆಯಿಲ್ಲವೆಂದು ವಾಚಕರು ಎಣಿಸಬಹುದು. ಆದರೂ ಆರಿಸಿದುದೊಂದು, ದಾಖಲಾದುದು ಮತ್ತೊಂದು ಎಂಬ ದೂರು ಇಲ್ಲದಿಲ್ಲ.

ಇದಕ್ಕೆ ಕಾರಣವಿಷ್ಟೆ. ಪಟ್ಟಿಯ ಪ್ರತಿಯೊಂದು ಸಾಲಿಗೂ ಎರಡು ಮುಖಗಳುಂಟು: ನಮ್ಮ ಕಣ್ಣಿಗೆ ಕಾಣುವ ಹೆಸರೊಂದು, ‘ವ್ಯಾಲ್ಯೂ’ ಎಂಬ ಕಾಣದ ಬೆಲೆಯೊಂದು. ಬ್ರೌಸರು ಕಚೇರಿಗೆ ಕಳುಹಿಸುವುದು ಈ ಎರಡನೆಯದನ್ನೇ. ಅದನ್ನು ಬರೆಯದೆ ಬಿಟ್ಟಿದ್ದರೆ ಮಾತ್ರ ಹೆಸರು ಹೋಗುವುದು. ಅರ್ಜಿಯನ್ನು ರಚಿಸಿದವನು ಹೆಸರನ್ನು ತಿದ್ದಿ ಬೆಲೆಯನ್ನು ತಿದ್ದದಿದ್ದರೆ, ಮಂಡ್ಯವನ್ನು ಆರಿಸಿದವರೆಲ್ಲರೂ ಮೈಸೂರಿನವರಾಗಿಬಿಡುವರು.

ತಿಂಗಳುಗಳ ವಿಷಯದಲ್ಲಿ ಈ ತೊಡಕು ಇನ್ನೂ ವಿಚಿತ್ರವಾದುದು. 1995ರಲ್ಲಿ ಹುಟ್ಟಿದ ಜಾವಾಸ್ಕ್ರಿಪ್ಟ್ ಭಾಷೆಯು ತಿಂಗಳನ್ನು ಸೊನ್ನೆಯಿಂದ ಎಣಿಸುತ್ತದೆ. ಅದಕ್ಕೆ ಜನವರಿಯು 0, ಡಿಸೆಂಬರು 11. ಪಟ್ಟಿಗೂ ಇದೇ ಅಂಕಿಗಳನ್ನಿಟ್ಟರೆ ಜನವರಿಯವರಿಗೆ ಹೊಸದೊಂದು ಸಂಕಟ. ಆ ಭಾಷೆಯಲ್ಲಿ ‘ಏನಾದರೂ ಇದೆಯೇ’ ಎಂದು ಪರೀಕ್ಷಿಸಿದಾಗ 0 ಎಂಬ ಸಂಖ್ಯೆಗೆ ‘ಇಲ್ಲ’ವೆಂದೇ ಉತ್ತರ. ಪಿಎಚ್‌ಪಿ ಎಂಬ ಭಾಷೆಯಲ್ಲಿಯಾದರೋ ಅಕ್ಷರರೂಪದ ಸೊನ್ನೆಗೂ ಅದೇ ಗತಿ. ಹೀಗಾಗಿ ಜನವರಿಯನ್ನು ಆರಿಸಿದವನಿಗೆ ‘ತಿಂಗಳನ್ನು ತುಂಬಿಲ್ಲ’ ಎಂಬ ಆಕ್ಷೇಪಣೆ ಬರಬಹುದು. ಉಳಿದ ಹನ್ನೊಂದು ತಿಂಗಳಿನವರಿಗೆ ಅಡ್ಡಿಯಿಲ್ಲದುದರಿಂದ, ಪರೀಕ್ಷಿಸುವವನು ತನ್ನ ಜನ್ಮದಿನವನ್ನೇ ತುಂಬಿ ನೋಡಿ ಸುಮ್ಮನಾಗುವನು. ಹುಟ್ಟಿದ ದಿನ ತಿಳಿಯದ ಅಜ್ಜ ಅಜ್ಜಿಯರಿಗೆ ಜನವರಿ 1 ಎಂದು ಬರೆಸಿರುವುದು ನಮ್ಮಲ್ಲಿ ಅಪರೂಪವಲ್ಲ. ಪೆಟ್ಟು ಬೀಳುವುದು ಅವರ ಪಿಂಚಣಿಗೇ!

ಇನ್ನೊಂದು ದೋಷವು ಮೌನವಾದುದು. ಮೊದಲೇ ಗುರುತುಮಾಡಿದ ಸಾಲಿಲ್ಲದಿದ್ದರೆ ಬ್ರೌಸರು ತಾನಾಗಿಯೇ ಮೊದಲನೆಯದನ್ನು ಆರಿಸಿಕೊಳ್ಳುವುದು. ಇಂಗ್ಲಿಷ್ ಅಕ್ಷರಕ್ರಮದ ಜಿಲ್ಲೆಗಳ ಪಟ್ಟಿಯಲ್ಲಿ, ಕೈಯಿಡದೆ ಬಿಟ್ಟವರೆಲ್ಲರೂ ಬಾಗಲಕೋಟೆಯವರಾದಂತೆಯೇ ಸರಿ. ಬೆಲೆಯಿಲ್ಲದ ‘ಆರಿಸಿರಿ’ ಎಂಬ ಸಾಲನ್ನು ಮೊದಲಿಗಿಟ್ಟು, ಆರಿಸದೆ ಮುಂದೆ ಹೋಗಗೊಡದಂತೆ ಮಾಡುವುದೇ ಇದಕ್ಕೆ ಮದ್ದು.

ದೋಷವನ್ನು ಹುಡುಕುವವರು ಊಹೆಗೆ ತೊಡಗದೆ, ಹೋದ ಬೆಲೆಯನ್ನೇ ಮೊದಲು ನೋಡತಕ್ಕದ್ದು. ಕಂಪ್ಯೂಟರಿನ ಬ್ರೌಸರುಗಳಲ್ಲಿ ಸಾಮಾನ್ಯವಾಗಿ ಎಫ್12 ಕೀಲಿಯನ್ನೊತ್ತಿ, ‘ನೆಟ್‌ವರ್ಕ್’ ಎಂಬ ಭಾಗವನ್ನು ತೆರೆದು, ಅರ್ಜಿಯನ್ನು ಕಳುಹಿಸಿದರೆ ಅದು ಅಲ್ಲಿ ಕಾಣುವುದು. ಅಲ್ಲಿಯೇ ತಪ್ಪಿದ್ದರೆ ಪುಟವನ್ನು ತಿದ್ದಬೇಕು. ಅಲ್ಲಿ ಸರಿಯಿದ್ದು ದಾಖಲೆಯಲ್ಲಿ ತಪ್ಪಿದ್ದರೆ ಸ್ವೀಕರಿಸುವ ಕಡೆಯನ್ನು ಶೋಧಿಸಬೇಕು. ಗೃಹಸ್ಥರಿಗೆ ಇಷ್ಟೆಲ್ಲ ಬೇಕಾಗಿಲ್ಲ. ಕಳುಹಿಸಿದ ಮೇಲೆ ದೊರೆಯುವ ಪ್ರತಿಯಲ್ಲಿ ತಿಂಗಳು, ಜಿಲ್ಲೆಗಳನ್ನು ಓದಿಕೊಳ್ಳಲಿ; ವ್ಯತ್ಯಾಸ ಕಂಡರೆ, ಆರಿಸಿದುದೇನು, ಅಚ್ಚಾದುದೇನು ಎಂಬೆರಡನ್ನೂ ದೂರಿನಲ್ಲಿ ಬರೆಯಲಿ.