ಗಾಲಿ ಮೇಲಿನ ಮನೆ: ಖಾನಾಪುರದ ದಾರಿಗೆ ಯಾವುದು ಸರಿ?

ಬೆಳಗಾವಿ ಬಿಟ್ಟು ಖಾನಾಪುರದ ಕಡೆ ಹೊರಟರೆ ಪೀರನವಾಡಿ, ಮಚ್ಛೆ, ಆಮೇಲೆ ದೇಸೂರ. ಯಳ್ಳೂರಿನ ರಾಜಹಂಸಗಡ ಇಲ್ಲಿಗೆ ಹತ್ತಿರ. ಲೋಂಡಾ ಮಾರ್ಗದ ಚಿಕ್ಕದೊಂದು ರೈಲು ನಿಲ್ದಾಣವೂ ಊರಿಗಿದೆ. ಹೊರಗಿನವರಿಗೆ ಊರಿನ ಹೆಸರು ಅಷ್ಟಾಗಿ ಗೊತ್ತಿರಲಿಕ್ಕಿಲ್ಲ. ಆದರೆ ಖಾನಾಪುರ, ಲೋಂಡಾ, ಅನಮೋಡ ದಾಟಿ ಗೋವಾಕ್ಕೆ ಇಳಿಯುವವರೆಲ್ಲ ಇದನ್ನು ಹಾದೇ ಹೋಗಬೇಕು. ಈಚಿನ ವರ್ಷಗಳಲ್ಲಿ ಈ ದಾರಿಯ ಕಾರು, ಬೈಕು, ಲಾರಿಗಳ ನಡುವೆ ಹೊಸ ಬಗೆಯ ವಾಹನಗಳೂ ಕಾಣತೊಡಗಿವೆ. ಕೆಲವು ನೆತ್ತಿಯ ಮೇಲೆ ಮಡಚಿದ ಡೇರೆ ಹೊತ್ತಿರುತ್ತವೆ, ಕೆಲವಕ್ಕೆ ಹಿಂದಿನ ಸೀಟು ತೆಗೆದು ಹಾಸಿಗೆ ಕೂರಿಸಿರುತ್ತಾರೆ, ಒಮ್ಮೊಮ್ಮೆ ಅಡುಗೆಮನೆ, ಪಾಯಖಾನೆ ಎರಡೂ ಇರುವ ಬಸ್ಸಿನಂಥ ಗಾಡಿಯೂ ಎದುರಾಗುತ್ತದೆ. ಕ್ಯಾರವಾನ್, ಕ್ಯಾಂಪರ್, ಮೋಟರ್‌ಹೋಮ್ ಎಂದು ಇವಕ್ಕೆ ಹಲವು ಹೆಸರು. ಇಂಥದೊಂದನ್ನು ಕೊಳ್ಳುವ ಅಥವಾ ಬಾಡಿಗೆಗೆ ಹಿಡಿಯುವ ಆಸೆ ಈ ಭಾಗದ ಅನೇಕ ಮನೆಗಳಲ್ಲೂ ಮೊಳೆತಿದೆ.

ಗಾಲಿಯ ಮೇಲೆ ಸಂಸಾರ ಕಟ್ಟಿಕೊಂಡು ಹೋಗುವುದು ನಮ್ಮ ಜನರಿಗೆ ಹೊಸದಲ್ಲ. ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ, ರಾಯಬಾಗ ತಾಲ್ಲೂಕಿನ ಚಿಂಚಲಿ ಮಾಯಕ್ಕನ ಜಾತ್ರೆಗೆ ಚಕ್ಕಡಿ ಕಟ್ಟಿಕೊಂಡು ಹೋಗುವ ಪದ್ಧತಿ ಇನ್ನೂ ಪೂರ್ತಿ ನಿಂತಿಲ್ಲ. ಬಂಡಿಯ ಮೇಲೆ ಕಮಾನು ಕಟ್ಟಿ ತಾಡಪತ್ರಿ ಹೊದಿಸುತ್ತಾರೆ. ಒಳಗೆ ಮೇವು ಹಾಸಿ ಮೇಲೆ ಕೌದಿ ಹಾಕಿದರೆ ಮುದುಕರು ಮಕ್ಕಳು ಮಲಗಲು ಜಾಗವಾಯಿತು. ಕಟಕ ರೊಟ್ಟಿ, ಶೇಂಗಾ ಹಿಂಡಿ, ಹೋಳಿಗೆಯ ಬುತ್ತಿ ಜೊತೆಗಿರುತ್ತದೆ. ನೀರು ಎಲ್ಲಿದೆಯೋ ಅಲ್ಲಿ ಎತ್ತು ಬಿಚ್ಚಿ, ಮೂರು ಕಲ್ಲು ಹೂಡಿ ಒಲೆ ಹಚ್ಚುತ್ತಾರೆ. ಈಗ ಹೆಚ್ಚಿನವರು ಟ್ರ್ಯಾಕ್ಟರ್ ಟ್ರೇಲರಿಗೋ ಟೆಂಪೊಗೋ ಅದೇ ತಾಡಪತ್ರಿ ಕಟ್ಟಿಕೊಂಡು ಹೋಗುತ್ತಾರೆ. ಹೀಗೆ ಹೊರಡುವಾಗ ಮನೆಯ ಹಿರಿಯರು ಲೆಕ್ಕ ಹಾಕುವುದು ಮೂರನ್ನು: ಯಾರ್ಯಾರು ಬರುತ್ತಾರೆ, ಎಷ್ಟು ರಾತ್ರಿ ಹೊರಗೆ, ನೀರು ಎಲ್ಲಿ ಸಿಗುತ್ತದೆ. ಮೋಟರ್‌ಹೋಮ್ ಆಯ್ಕೆಗೂ ಇದೇ ಲೆಕ್ಕ ಸಾಕೆಂದು ನಾನು ನಂಬಿದ್ದೇನೆ. ಒಳಗಿನ ಸೋಫಾ, ಬಣ್ಣದ ದೀಪ, ಟಿವಿಯ ಚಿತ್ರ ನೋಡಿ ಗಾಡಿ ಗೊತ್ತುಮಾಡುವವರು ಈ ಲೆಕ್ಕವನ್ನೇ ಬಿಟ್ಟಿರುತ್ತಾರೆ.

ಎಲ್ಲಕ್ಕಿಂತ ಮೊದಲು ರಸ್ತೆ. ದೇಸೂರಿನಿಂದ ಹೊರಡುವವನ ಮುಂದೆ ಎಂಥೆಂಥ ದಾರಿಗಳಿವೆ ನೋಡಿ. ಕಿತ್ತೂರು, ಧಾರವಾಡದ ಕಡೆಗಾದರೆ ಅಗಲವಾದ ಹೆದ್ದಾರಿ, ಅಲ್ಲಿ ಎಂಥ ದೊಡ್ಡ ಗಾಡಿಯೂ ಸರಾಗ. ಸವದತ್ತಿ, ನವಿಲುತೀರ್ಥದ ಬಯಲುಸೀಮೆಯಲ್ಲೂ ಚಿಂತೆಯಿಲ್ಲ. ಪೀರನವಾಡಿಯಿಂದ ಜಾಂಬೋಟಿ, ಕಣಕುಂಬಿ ಹಾಯ್ದು ಚೋರ್ಲಾ ಘಾಟಿಗೆ ಹೋದರೆ ಮಾತೇ ಬೇರೆ. ಇಕ್ಕಟ್ಟಾದ ತಿರುವು, ಮಳೆಗಾಲದಲ್ಲಿ ಮಂಜು, ಎದುರಿಗೆ ಸರಕು ಲಾರಿ. ಕದಂಬರ ಭೂವರಾಹ ನರಸಿಂಹನನ್ನು ನೋಡಲು ಹಲಸಿಗೆ, ಕಮಲನಾರಾಯಣನನ್ನು ನೋಡಲು ದೇಗಾವಿಗೆ, ಮಲಪ್ರಭೆಯ ದಂಡೆಯ ಅಸೋಗಾಕ್ಕೆ ಹೋಗುವ ಕಡೆಯ ಕೆಲವು ಕಿಲೋಮೀಟರು ಹಳ್ಳಿಯ ಓಣಿಗಳೇ. ಎಂಟು ಮೀಟರ್ ಉದ್ದದ ಗಾಡಿ ಅಲ್ಲಿ ಒಳಗೆ ಹೋದರೂ ತಿರುಗಿಸಿಕೊಂಡು ಬರಲು ಬಯಲು ಹುಡುಕಬೇಕಾಗುತ್ತದೆ. ಇಳಿಬಿದ್ದ ಮರದ ಟೊಂಗೆ, ಜೋತುಬಿದ್ದ ವಿದ್ಯುತ್ ತಂತಿ, ರೈಲ್ವೆ ಕೆಳಸೇತುವೆಯ ಮುಂದೆ ನೆಟ್ಟ ಎತ್ತರ ಮಿತಿಯ ಕಬ್ಬಿಣದ ಕಮಾನು, ಎಲ್ಲವೂ ನೆತ್ತಿಗೆ ತಾಗುವಂಥವು. ‘ಘಾಟಿನ್ಯಾಗ ತಿರುಗಬೇಕಲ್ರಿ’ ಎಂದು ಈ ಕಡೆಯ ಚಾಲಕರು ಹೇಳುವುದರಲ್ಲಿ ಅರ್ಧ ಉತ್ತರವಿದೆ.

ಈಗ ಬಗೆಗಳಿಗೆ ಬರೋಣ. ದೊಡ್ಡದರಿಂದ ಶುರುಮಾಡಿದರೆ, ಬಸ್ಸು ಅಥವಾ ಲಾರಿಯ ಚಾಸಿಯ ಮೇಲೆ ಮನೆ ಕಟ್ಟಿದ ಗಾಡಿಗಳು. ಸಿನಿಮಾ ನಟರಿಗೆ ಚಿತ್ರೀಕರಣದ ಜಾಗದಲ್ಲಿ ನಿಲ್ಲಿಸುವ ಕ್ಯಾರವಾನ್ ಈ ಜಾತಿಯದೇ. 1982ರಲ್ಲಿ ತೆಲುಗು ನಟ ಎನ್.ಟಿ. ರಾಮರಾವ್ ಚುನಾವಣೆಯ ಪ್ರಚಾರಕ್ಕೆ ಆಂಧ್ರವನ್ನೆಲ್ಲ ಸುತ್ತಿದ ‘ಚೈತನ್ಯ ರಥಂ’ ಹಳೆಯ ಷೆವ್ರೊಲೆ ವ್ಯಾನನ್ನು ಮಾರ್ಪಡಿಸಿ ಮಾಡಿದ್ದು. ಗಾಡಿಯಲ್ಲೇ ಉಂಡು ಮಲಗಿ ಊರೂರು ತಿರುಗಬಹುದೆಂದು ದಕ್ಷಿಣದ ಜನ ಅದರಲ್ಲಿ ಕಂಡರು. ನಮ್ಮ ರಾಜ್ಯದಲ್ಲಿ 2021ರಲ್ಲಿ ಬೆಂಗಳೂರಿನ ‘ಲಕ್ಸ್ ಕ್ಯಾಂಪರ್’ ರಾಜ್ಯ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ (ಕೆಎಸ್‌ಟಿಡಿಸಿ) ಜೊತೆ ಸೇರಿ ಭಾರತ್‌ಬೆಂಜ್ ಚಾಸಿಯ ಮೇಲಿನ ಗಾಡಿಗಳನ್ನು ಪ್ರವಾಸಿಗರಿಗೆ ಬಾಡಿಗೆಗೆ ಇಳಿಸಿತು. ಬಸ್ಸಿನ ಮೈ ಕಟ್ಟುವ ವಿದ್ಯೆ ನಮಗೆ ದೂರದ್ದೂ ಅಲ್ಲ; ಟಾಟಾ ಮಾರ್ಕೊಪೋಲೊ ಬಸ್ಸುಗಳು ತಯಾರಾಗಿ ಹೊರಬಿದ್ದದ್ದು ಪಕ್ಕದ ಧಾರವಾಡದ ಕಾರ್ಖಾನೆಯಿಂದ. ಈ ದೊಡ್ಡ ಗಾಡಿಗಳಲ್ಲಿ ನಿಂತು ಓಡಾಡಬಹುದು, ಸ್ನಾನ ಮಾಡಬಹುದು, ವಯಸ್ಸಾದವರನ್ನು ವಾರಗಟ್ಟಲೆ ಸುಖವಾಗಿ ಕರೆದೊಯ್ಯಬಹುದು. ಆದರೆ ಅನುಭವಿ ಚಾಲಕ ಬೇಕು, ನಿಲ್ಲಿಸಲು ಸಮತಟ್ಟಾದ ಜಾಗ ಬೇಕು, ಡೀಸೆಲ್ ಕುಡಿಯುವುದೂ ಹೆಚ್ಚು. ಹಂಪಿ, ಬಾದಾಮಿ, ವಿಜಯಪುರದಂಥ ಬಯಲಿನ ದೀರ್ಘ ಪ್ರವಾಸಕ್ಕೆ ಇವು ಚೆನ್ನ. ಖಾನಾಪುರದ ಕಾಡಂಚಿಗೆ ಇವನ್ನು ನಾನು ಹೇಳಲಾರೆ.

ನಡುವಿನದು ವ್ಯಾನು. ಫೋರ್ಸ್ ಟ್ರಾವೆಲರ್, ಅಂದರೆ ನಮ್ಮ ಮದುವೆ ದಿಬ್ಬಣಗಳ ‘ಟಿಟಿ’, ಅಥವಾ ಟಾಟಾ ವಿಂಗರ್‌ನಂಥ ಗಾಡಿಯ ಒಳಗನ್ನು ಬದಲಿಸಿ ಮಾಡಿದ್ದು. ಎತ್ತರದ ನೆತ್ತಿಯ ಮಾದರಿಯಾದರೆ ಒಳಗೆ ನಿಂತು ಚಹಾ ಕಾಯಿಸಬಹುದು. ಹಗಲು ಕೂರುವ ಬೆಂಚೇ ರಾತ್ರಿ ಹಾಸಿಗೆ. ಗಂಡ ಹೆಂಡತಿ, ಇಬ್ಬರು ಮಕ್ಕಳಿಗೆ ಸಲೀಸು. ಎಲ್ಲಕ್ಕಿಂತ ದೊಡ್ಡ ಅನುಕೂಲವೆಂದರೆ ಕೆಟ್ಟರೆ ದುರಸ್ತಿಗೆ ಪರದಾಡಬೇಕಿಲ್ಲ. ಖಾನಾಪುರದಲ್ಲಾಗಲಿ ಹಳಿಯಾಳದಲ್ಲಾಗಲಿ ಟಿಟಿಯ ಕ್ಲಚ್ಚು, ಬ್ರೇಕು ಗೊತ್ತಿಲ್ಲದ ಮಿಸ್ತ್ರಿ ಇಲ್ಲ. ವಿದೇಶಿ ಸಲಕರಣೆ ತುಂಬಿದ ಗಾಡಿಗೆ ಈ ಭಾಗ್ಯವಿಲ್ಲ.

ಇನ್ನೂ ಚಿಕ್ಕದು ಪಿಕಪ್ ಗಾಡಿಯ ಬೆನ್ನಿಗೆ ಕೋಣೆ ಕೂರಿಸಿದ್ದು. 2022ರ ಆರಂಭದಲ್ಲಿ ಮಹೀಂದ್ರಾ ಕಂಪನಿ ‘ಕ್ಯಾಂಪರ್‌ವ್ಯಾನ್ ಫ್ಯಾಕ್ಟರಿ’ ಎಂಬ ಸಂಸ್ಥೆಯೊಡನೆ ಕೈಜೋಡಿಸಿ ಬೊಲೆರೊ ಕ್ಯಾಂಪರ್ ಮೇಲೆ ಕೈಗೆಟುಕುವ ಬೆಲೆಯ ಮಾದರಿ ತರುವುದಾಗಿ ಪ್ರಕಟಿಸಿತು: ನಾಲ್ವರು ಮಲಗುವ ಜಾಗ, ಜೈವಿಕ ಶೌಚಾಲಯ, ಚಿಕ್ಕ ಅಡುಗೆಕಟ್ಟೆ. ಕೆಂಪು ಮಣ್ಣಿನ ಏರುದಾರಿಗೆ ಬೊಲೆರೊ ಎಷ್ಟು ಒಗ್ಗಿದ ಗಾಡಿ ಎಂಬುದನ್ನು ಈ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ. ಒಳಗೆ ಇಕ್ಕಟ್ಟು ಮಾತ್ರ ಇದ್ದೇ ಇದೆ.

ಕಾರಿನ ಹಿಂದೆ ಎಳೆದುಕೊಂಡು ಹೋಗುವ ಟ್ರೇಲರ್ ಮನೆ ಯುರೋಪು, ಅಮೆರಿಕದಲ್ಲಿ ಬಲು ಬಳಕೆಯದು. ತಂಗುವ ಜಾಗದಲ್ಲಿ ಅದನ್ನು ಬಿಚ್ಚಿಟ್ಟು ಕಾರಿನಲ್ಲಿ ಸುತ್ತಬಹುದು ಎಂಬುದೇ ಅದರ ಹಿರಿಮೆ. ನಮ್ಮ ಘಾಟಿಯಲ್ಲಿ ಟ್ರೇಲರನ್ನು ಹಿಂದಕ್ಕೆ ತೆಗೆಯುವುದು ಕಬ್ಬಿನ ಟ್ರ್ಯಾಕ್ಟರ್ ಓಡಿಸಿ ಪಳಗಿದವರಿಗೆ ಮಾತ್ರ ಬಂದೀತು. ಒಂದೇ ಕಡೆ ನಾಲ್ಕಾರು ದಿನ ಬೀಡುಬಿಡುವವರು ಇದನ್ನು ಯೋಚಿಸಲಿ, ಉಳಿದವರು ಬಿಡಲಿ.

ಇನ್ನು ಜೀಪಿನ ನೆತ್ತಿಯ ಡೇರೆ, ಓಮ್ನಿ ಅಥವಾ ಈಕೋದ ಹಿಂಬದಿಗೆ ಹಾಸಿದ ಗಾದಿ. ಇವನ್ನು ಮೋಟರ್‌ಹೋಮ್ ಎನ್ನಲಾಗದು. ಆದರೂ ಒಂದೆರಡು ರಾತ್ರಿಗೆ ಹೊರಡುವ ಹರೆಯದವರಿಗೆ ಇದಕ್ಕಿಂತ ಅಗ್ಗದ, ಹಗುರದ ದಾರಿ ಇಲ್ಲ. ಮೊಣಕಾಲು ನೋವಿನ ತಾಯಿಯನ್ನು ಏಣಿ ಹತ್ತಿಸಿ ನೆತ್ತಿಯ ಡೇರೆಯಲ್ಲಿ ಮಲಗಿಸುವ ಯೋಚನೆ ಮಾತ್ರ ಬೇಡ.

ಜನರ ಲೆಕ್ಕದಲ್ಲಿ ಒಂದು ಸೂಕ್ಷ್ಮವಿದೆ. ‘ಆರು ಮಂದಿ ಮಲಗಬಹುದು’ ಎಂದು ಮಾರುವವರು ಹೇಳಿದರೆ, ಸೀಟ್ ಬೆಲ್ಟ್ ಇರುವ ಆಸನ ಎಷ್ಟು ಎಂದು ಕೇಳಿ. ಮಲಗುವ ಜಾಗ ಆರಿದ್ದು ಬೆಲ್ಟಿನ ಆಸನ ನಾಲ್ಕೇ ಇದ್ದರೆ ಅದು ನಾಲ್ವರ ಗಾಡಿ. ಚಲಿಸುವಾಗ ಹಾಸಿಗೆಯ ಮೇಲೆ ಮಕ್ಕಳನ್ನು ಮಲಗಿಸಿ ಘಾಟಿ ಇಳಿಯುವುದು ಅಪಾಯ.

ನೀರಿನ ಬಗ್ಗೆ ಸ್ವಲ್ಪ ನಿಂತು ಯೋಚಿಸಬೇಕು. ಒಂದು ಲೀಟರ್ ನೀರು ಎಂದರೆ ಒಂದು ಕಿಲೋ ಭಾರ. 150 ಲೀಟರಿನ ಟ್ಯಾಂಕು ತುಂಬಿಸಿದರೆ ಇಬ್ಬರು ದೊಡ್ಡವರನ್ನು ಹೆಚ್ಚಿಗೆ ಕೂರಿಸಿಕೊಂಡಂತೆ, ಆ ಭಾರವೆಲ್ಲ ಘಾಟಿಯಲ್ಲಿ ಬ್ರೇಕಿನ ಮೇಲೆ ಬೀಳುತ್ತದೆ. ಒಬ್ಬರಿಗೆ ದಿನಕ್ಕೆ 15–20 ಲೀಟರಿನಲ್ಲಿ ಬಿಗಿಹಿಡಿದು ಮುಗಿಸಿದರೂ ನಾಲ್ವರಿಗೆ ಎರಡು ದಿನಕ್ಕೆ ಅಷ್ಟು ಬೇಕೇಬೇಕು. ಬಳಸಿದ ನೀರು ಎಲ್ಲಿಗೆ ಹೋಗುತ್ತದೆ ಎಂಬುದು ಇನ್ನೂ ಮುಖ್ಯ. ತೊಳೆದ ನೀರಿಗೊಂದು, ಶೌಚಕ್ಕೊಂದು ಬೇರೆ ಬೇರೆ ಟ್ಯಾಂಕು ಇರುವ ಗಾಡಿಯನ್ನೇ ಆರಿಸಿ. ಕಣಕುಂಬಿ ಮಲಪ್ರಭೆ ಹುಟ್ಟುವ ಜಾಗ. ಆ ನದಿಯ ನೀರನ್ನೇ ಸವದತ್ತಿಯ ಅಣೆಕಟ್ಟಿನವರೆಗೂ, ಅದರಾಚೆಗೂ ಜನ ಕುಡಿಯುತ್ತಾರೆ. ಅದರ ತಲೆಯ ಮೇಲೆ ಟ್ಯಾಂಕಿನ ಹೊಲಸು ಸುರಿದು ಬರುವುದು ಪಾಪ. ಊರಿನ ಒಳಚರಂಡಿಗೆ ತಂದು ಖಾಲಿ ಮಾಡುವ ಶ್ರಮ ಬೇಡವೆನ್ನುವವರು ಶೌಚಾಲಯವಿಲ್ಲದ ಗಾಡಿ ಹಿಡಿದು ರಾತ್ರಿ ಲಾಡ್ಜಿನ ಅಂಗಳದಲ್ಲೋ ಪೆಟ್ರೋಲ್ ಬಂಕಿನಲ್ಲೋ ಕೇಳಿ ತಂಗುವುದು ಲೇಸು.

ವಿದ್ಯುತ್ತಿನಲ್ಲಿ ಹೆಚ್ಚು ಜನ ಮೋಸಹೋಗುವುದು ಏಸಿಯ ವಿಷಯದಲ್ಲಿ. 12 ವೋಲ್ಟಿನ, 200 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಇರುವುದು ಸುಮಾರು ಎರಡೂವರೆ ಯೂನಿಟ್ ವಿದ್ಯುತ್. ಒಂದು ಟನ್ನಿನ ಏಸಿ ಅದನ್ನು ಎರಡು ಮೂರು ಗಂಟೆಯಲ್ಲಿ ಹೀರಿಬಿಡುತ್ತದೆ. ಅದೇ ಬ್ಯಾಟರಿ ಫ್ಯಾನು, ದೀಪ, ಚಿಕ್ಕ ಫ್ರಿಜ್ಜಿಗೆ ಒಂದಿಡೀ ದಿನ ಬಂದೀತು. ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಏಪ್ರಿಲ್, ಮೇ ಬಿಟ್ಟರೆ ಇಲ್ಲಿ ರಾತ್ರಿ ಏಸಿಯ ಗರಜೇ ಇಲ್ಲ, ಸೊಳ್ಳೆಪರದೆಯ ಕಿಟಕಿ ಸಾಕು. ಮಳೆಗಾಲದ ಖಾನಾಪುರದಲ್ಲಿ ಸೌರ ಫಲಕವನ್ನು ನಂಬಬೇಡಿ, ವಾರಗಟ್ಟಲೆ ಬಿಸಿಲೇ ಕಾಣಲಿಕ್ಕಿಲ್ಲ.

ಏಸಿಗಾಗಿ ಜನರೇಟರ್ ಅಥವಾ ಎಂಜಿನ್ ಹಚ್ಚಿಟ್ಟು ಮಲಗುವುದಂತೂ ಜೀವಕ್ಕೆ ಎರವು. 2024ರ ಡಿಸೆಂಬರ್‌ನಲ್ಲಿ ಕೇರಳದ ವಡಗರದಲ್ಲಿ ರಸ್ತೆ ಬದಿ ನಿಂತಿದ್ದ ಕ್ಯಾರವಾನಿನೊಳಗೆ ಇಬ್ಬರು ಸತ್ತದ್ದು ಜನರೇಟರಿನ ಹೊಗೆಯಿಂದ ಬಂದ ಕಾರ್ಬನ್ ಮೊನಾಕ್ಸೈಡಿನಿಂದ. ಈ ಅನಿಲಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಮಲಗಿದವರಿಗೆ ಎಚ್ಚರವೇ ಆಗುವುದಿಲ್ಲ. ಇದನ್ನು ಪತ್ತೆಹಚ್ಚಿ ಕೂಗುವ ಚಿಕ್ಕ ಯಂತ್ರವಿಲ್ಲದ ಗಾಡಿಯಲ್ಲಿ ನಿಮ್ಮ ಮಕ್ಕಳನ್ನು ಮಲಗಿಸಬೇಡಿ. ಗ್ಯಾಸ್ ಒಲೆ ಇರುವ ಕಡೆ ಗಾಳಿಯಾಡುವ ಕಿಂಡಿಯೂ ಬೆಂಕಿ ಆರಿಸುವ ಸಿಲಿಂಡರೂ ಇರಲೇಬೇಕು.

ಕಾಗದಪತ್ರದ ಮಾತು ಚುಟುಕಾಗಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ನೋಂದಣಿಯಾದ ಗಾಡಿಯನ್ನು ಮನಬಂದಂತೆ ಬದಲಿಸುವಂತಿಲ್ಲ. ಹಳೆಯ ಟಿಟಿ ಕೊಂಡು ಬೆಳಗಾವಿಯ ಉದ್ಯಮಬಾಗದ ಶೆಡ್ಡಿನಲ್ಲಿ ಒಳಗೆಲ್ಲ ಕಟ್ಟಿಸುವ ಮುಂಚೆ ಆರ್‌ಟಿಓ ಕಚೇರಿಯಲ್ಲಿ ಕೇಳಿಕೊಳ್ಳಿ, ಇಲ್ಲವಾದರೆ ಅಪಘಾತವಾದಾಗ ವಿಮೆ ಕೈಕೊಟ್ಟೀತು. ಕ್ಯಾರವಾನುಗಳಿಗೆಂದೇ ಎಐಎಸ್-124 ಎಂಬ ಮಾನದಂಡವಿದೆ, ಅದರಂತೆ ಒಪ್ಪಿಗೆ ಪಡೆದ ಗಾಡಿಯಾದರೆ ತಕರಾರಿಲ್ಲ. ಒಟ್ಟು ತೂಕ 7,500 ಕಿಲೋ ಒಳಗಿದ್ದರೆ ಹಗುರ ವಾಹನದ ಲೈಸೆನ್ಸ್ ಸಾಕು. ಇದೇ ಮಿತಿಯ ಸಾರಿಗೆ ವಾಹನಗಳಿಗೂ ಅದೇ ಲೈಸೆನ್ಸ್ ನಡೆಯುತ್ತದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್‌ನಲ್ಲಿ ಹೇಳಿದೆ.

ಎಲ್ಲಿ ತಂಗುವುದು? ಖಾನಾಪುರದ ಕಾಡಿನ ಭೀಮಗಡ 2011ರಲ್ಲಿ ವನ್ಯಜೀವಿಧಾಮವಾಯಿತು. ಅದರೊಳಗೆ ರಸ್ತೆ ಬದಿ ಗಾಡಿ ನಿಲ್ಲಿಸಿ ರಾತ್ರಿ ಕಳೆಯುವ ಮಾತೇ ಇಲ್ಲ. ಸಂಗೊಳ್ಳಿ ರಾಯಣ್ಣನ ಸಮಾಧಿಯಿರುವ ನಂದಗಡ, ಹಲಸಿ, ಅಸೋಗಾಗಳಲ್ಲಿ ಪಂಚಾಯಿತಿಯವರನ್ನೋ ದೇವಸ್ಥಾನದ ಹಿರಿಯರನ್ನೋ ಕೇಳಿ ನಿಲ್ಲಿಸುವುದು ಮರ್ಯಾದೆ.

ಇಬ್ಬರು ಮೂವರು ಎರಡು ಮೂರು ರಾತ್ರಿ ಘಾಟಿಯ ಕಡೆ ಹೋಗುವುದಾದರೆ ಬೊಲೆರೊದಂಥ ಚಿಕ್ಕ ಕ್ಯಾಂಪರು, ಮಕ್ಕಳೊಂದಿಗೆ ವಾರದ ತಿರುಗಾಟವಾದರೆ ಎತ್ತರದ ನೆತ್ತಿಯ ವ್ಯಾನು, ವೃದ್ಧ ತಂದೆತಾಯಿಗಳೊಂದಿಗೆ ಉತ್ತರ ಕರ್ನಾಟಕದ ಬಯಲು ಸುತ್ತುವುದಾದರೆ ಚಾಲಕನ ಸಮೇತ ಬಾಡಿಗೆಯ ದೊಡ್ಡ ಗಾಡಿ: ಇದು ನನ್ನ ತೀರ್ಪು. ಯಾವುದನ್ನೂ ಮೊದಲೇ ಕೊಳ್ಳಬೇಡಿ. ದಸರೆಯ ನಂತರ ಮಳೆ ನಿಂತಾಗ ಬಾಡಿಗೆಗೆ ಹಿಡಿದು, ಮನೆಯವರನ್ನೆಲ್ಲ ಕರೆದುಕೊಂಡು ಎರಡು ರಾತ್ರಿ ಹತ್ತಿರದಲ್ಲೇ ಕಳೆದು ನೋಡಿ. ಪ್ರವಾಸೋದ್ಯಮ ಇಲಾಖೆಯವರಲ್ಲೂ ಒಂದು ಬೇಡಿಕೆಯಿದೆ. 2020–26ರ ಪ್ರವಾಸೋದ್ಯಮ ನೀತಿಯಲ್ಲಿ ಕ್ಯಾರವಾನಿಗೆ ಜಾಗ ಕೊಟ್ಟಿದ್ದರು. ಬೆಳಗಾವಿ–ಖಾನಾಪುರದ ಈ ದಾರಿಯಲ್ಲಿ ಸಮತಟ್ಟಾದ ಒಂದೆಕರೆ ನೆಲ, ಕುಡಿಯುವ ನೀರಿನ ನಲ್ಲಿ, ಹೊಲಸು ನೀರು ಬಿಡಲು ಗುಂಡಿ, ರಾತ್ರಿಯೆಲ್ಲ ಉರಿಯುವ ಒಂದು ದೀಪ, ಇಷ್ಟನ್ನು ಮೊದಲು ಮಾಡಿಕೊಡಲಿ.